ಮನೆ ಕಂಪ್ಯೂಟರಿನಲ್ಲಿ ಡಿಫೆಂಡರ್ ಆನ್ ಆಗುವಷ್ಟರಲ್ಲಿ

ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಡಿಫೆಂಡರ್ ಎಂಬ ಆಂಟಿವೈರಸ್ ಮೊದಲೇ ಇರುತ್ತದೆ, ದುಡ್ಡು ಕೊಟ್ಟು ತರಬೇಕಿಲ್ಲ ಎನ್ನುವ ಮಾತು ಬಹಳ ಜನರಿಗೆ ಗೊತ್ತು. ಆದರೆ ಅದನ್ನು ಆನ್ ಮಾಡಲು ಕುಳಿತಾಗ ಎಲ್ಲೆಲ್ಲಿ ತಡೆ ಬರುತ್ತದೆ, ಎಷ್ಟು ಹೊತ್ತು ಕಾಯಬೇಕಾಗುತ್ತದೆ ಅಂತ ಹೇಳುವವರು ಕಡಿಮೆ. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಆ ಕೆಲಸ ಈಗಷ್ಟೇ ಮುಗಿದಿದೆ. ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ, ಅದರಲ್ಲೂ ಹಳೇ ಕಂಪ್ಯೂಟರ್ ಇಟ್ಟುಕೊಂಡಿರುವವರಿಗೆ, ಅನುಕೂಲವಾಗಲಿ ಅಂತ.

ನಮ್ಮದು ಚಿಕ್ಕಮಗಳೂರಿನಿಂದ ಆಲ್ದೂರಿಗೆ ಹೋಗುವ ದಾರಿಯಲ್ಲಿ ಒಳಗಿರುವ ಹಳ್ಳಿ. ಸಣ್ಣ ಕಾಫಿ ತೋಟ, ನಡುವೆ ಮೆಣಸಿನ ಬಳ್ಳಿ. ತೋಟದ ಲೆಕ್ಕ ಬರೆಯುವುದು ನಾನು. ಆಳುಗಳ ಬಟವಾಡೆ, ಗೊಬ್ಬರದ ಬಿಲ್ಲು, ಕ್ಯೂರಿಂಗ್‌ಗೆ ಕಳಿಸಿದ ಚೀಲಗಳ ಲೆಕ್ಕ, ಪಹಣಿ, ಬೆಳೆ ಸಾಲದ ಕಾಗದ, ಮಗಳ ಮಾರ್ಕ್ಸ್ ಕಾರ್ಡುಗಳ ಸ್ಕ್ಯಾನ್, ಎಲ್ಲ ಒಂದೇ ಡೆಸ್ಕ್‌ಟಾಪಿನಲ್ಲಿದೆ. ಬ್ಯಾಂಕಿನ ಕೆಲಸವೂ ಅದರಲ್ಲೇ. ಆ ಡೆಸ್ಕ್‌ಟಾಪ್ ಹೊಸದಲ್ಲ. ನನ್ನ ಮೈದುನ ಬೆಂಗಳೂರಿನಲ್ಲಿ ಕೆಲಸ ಮಾಡುವ ಕಂಪನಿಯಲ್ಲಿ ಹಳೇ ಯಂತ್ರಗಳನ್ನು ನೌಕರರಿಗೇ ಮಾರಿದಾಗ ಒಂದನ್ನು ನಮಗಾಗಿ ತಂದುಕೊಟ್ಟದ್ದು. ವಿಂಡೋಸ್ 10 ಪ್ರೊ. ಈ ಹಿನ್ನೆಲೆ ಮುಂದೆ ಬೇಕಾಗುತ್ತದೆ, ಅದಕ್ಕೇ ಹೇಳಿದೆ.

ಶುರುವಾದದ್ದು ಪೆನ್‌ಡ್ರೈವಿನಿಂದ. ಸಬ್ಸಿಡಿ ಅರ್ಜಿಗೆ ಪಹಣಿ ಮತ್ತಿತರ ಕಾಗದಗಳ ಪ್ರಿಂಟ್ ಬೇಕಿತ್ತು. ಪೇಟೆಯ ಜೆರಾಕ್ಸ್ ಅಂಗಡಿಯೊಂದಕ್ಕೆ ಪೆನ್‌ಡ್ರೈವ್ ಒಯ್ದು ಪ್ರಿಂಟ್ ತೆಗೆಸಿಕೊಂಡು ಬಂದೆ. ಮನೆಗೆ ಬಂದು ಚುಚ್ಚಿದರೆ ಪ್ರತಿ ಫೋಲ್ಡರಿನ ಮೂಲೆಯಲ್ಲೂ ಸಣ್ಣ ಬಾಣದ ಗುರುತು. ಹೆಸರು ಅದೇ, ಆದರೆ ಎಲ್ಲವೂ ಶಾರ್ಟ್‌ಕಟ್. ಒಂದನ್ನೂ ಒತ್ತದೆ ಪೆನ್‌ಡ್ರೈವ್ ಕಿತ್ತು ಪಕ್ಕಕ್ಕಿಟ್ಟೆ. ಇಂಥದ್ದು ನಿಮಗೂ ಕಂಡರೆ ದಯವಿಟ್ಟು ಒತ್ತಬೇಡಿ. ಈ ಜಾತಿಯ ವೈರಸ್ ನಿಜವಾದ ಫೋಲ್ಡರುಗಳನ್ನು ಬಚ್ಚಿಟ್ಟು ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿರುತ್ತದೆ. ಒತ್ತಿದರೆ ಮೊದಲು ವೈರಸ್ ಓಡುತ್ತದೆ, ಹಿಂದೆಯೇ ಫೋಲ್ಡರೂ ತೆರೆದುಕೊಳ್ಳುತ್ತದೆ. ಹಾಗಾಗಿ ಒತ್ತಿದವರಿಗೆ ಅನುಮಾನವೇ ಬರುವುದಿಲ್ಲ.

ನಮ್ಮ ಕಂಪ್ಯೂಟರಿನಲ್ಲಿದ್ದ ದುಡ್ಡಿನ ಆಂಟಿವೈರಸ್ಸಿನ ಅವಧಿ ಆಗಲೇ ಮುಗಿದಿತ್ತು. ದಿನಾ ಬೆಳಿಗ್ಗೆ ಕೆಂಪು ಕಿಟಕಿ ತೆರೆದು ನವೀಕರಿಸಿ ಅನ್ನುತ್ತಿತ್ತು. ಪೇಟೆಯಲ್ಲಿ ರಿಪೇರಿ ಮಾಡುವ ಹುಡುಗನಿಗೆ ಫೋನ್ ಮಾಡಿದೆ. "ಅಕ್ಕಾ, ತಂದುಬಿಡಿ. ಫಾರ್ಮ್ಯಾಟ್ ಮಾಡಿ ಒಂದು ವರ್ಷದ ಆಂಟಿವೈರಸ್ ಹಾಕಿಕೊಡ್ತೀನಿ, ಎಲ್ಲ ಸೇರಿ 1,500 ಆಗುತ್ತೆ" ಅಂದ. ಫಾರ್ಮ್ಯಾಟ್ ಅಂದ ಕೂಡಲೇ ನನಗೆ ಎದೆ ಧಸಕ್ ಅಂದಿತು. ಇಷ್ಟು ವರ್ಷದ ಲೆಕ್ಕ ಅದರೊಳಗಿದೆ. ರಾತ್ರಿ ಮಗಳಿಗೆ ಹೇಳಿದೆ. ಅವಳು ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ.

"ಅಮ್ಮಾ, ಯಾರಿಗೂ ದುಡ್ಡು ಕೊಡಬೇಡ. ವಿಂಡೋಸಿನಲ್ಲೇ ಡಿಫೆಂಡರ್ ಇದೆ. ನಾನು ಫೋನಲ್ಲಿ ಹೇಳ್ತಾ ಹೋಗ್ತೀನಿ, ನೀನು ಮಾಡು."

"ನನ್ನ ಕೈಲಾಗುತ್ತೇನೇ ಪುಟ್ಟಿ?"

"ಎಕ್ಸೆಲ್‌ನಲ್ಲಿ ಇಡೀ ತೋಟ ನಡೆಸ್ತೀಯ, ಇದಾಗಲ್ವಾ?"

ಆಂಟಿವೈರಸ್ ಅಂದರೆ ಕೊಂಡೇ ತರಬೇಕು ಅನ್ನುವ ಅಭ್ಯಾಸ ನಮಗೆ ಹೇಗೆ ಬಂತು ಅಂತ ಆಮೇಲೆ ತಿಳಿಯಿತು. ವಿಂಡೋಸ್ ವಿಸ್ಟಾ ಮತ್ತು 7ರ ಕಾಲದಲ್ಲಿ ಡಿಫೆಂಡರ್ ಎಂಬುದಿದ್ದರೂ ಅದು ಗೂಢಚಾರಿ ತಂತ್ರಾಂಶಗಳನ್ನು ಮಾತ್ರ ಹಿಡಿಯುತ್ತಿತ್ತು. ವೈರಸ್ಸಿಗೆ ಬೇರೆ ಏನಾದರೂ ಹಾಕಿಕೊಳ್ಳಲೇಬೇಕಿತ್ತು. ಮೈಕ್ರೋಸಾಫ್ಟ್ 2009ರಲ್ಲಿ ಸೆಕ್ಯುರಿಟಿ ಎಸೆನ್ಷಿಯಲ್ಸ್ ಅಂತ ಉಚಿತವಾಗಿ ಕೊಟ್ಟಿತು, ಅದನ್ನೂ ಬೇರೆಯಾಗಿ ಇಳಿಸಿಕೊಳ್ಳಬೇಕಿತ್ತು. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಡಿಫೆಂಡರೇ ಪೂರ್ತಿ ಆಂಟಿವೈರಸ್ ಆಗಿ ವಿಂಡೋಸ್ ಜೊತೆಗೇ ಬರುತ್ತಿದೆ. ಈಗ ಅದರ ಹೆಸರು ಮೈಕ್ರೋಸಾಫ್ಟ್ ಡಿಫೆಂಡರ್ ಆಂಟಿವೈರಸ್. ಇಲ್ಲೊಂದು ಗೊಂದಲವಿದೆ. ಮೈಕ್ರೋಸಾಫ್ಟ್ ಸ್ಟೋರಿನಲ್ಲಿ "ಮೈಕ್ರೋಸಾಫ್ಟ್ ಡಿಫೆಂಡರ್" ಎಂಬ ಇನ್ನೊಂದು ಆ್ಯಪ್ ಸಿಗುತ್ತದೆ. ಅದಕ್ಕೆ ಮೈಕ್ರೋಸಾಫ್ಟ್ 365 ಚಂದಾ ಬೇಕು. ನಮಗೆ ಬೇಕಾದದ್ದು ಅದಲ್ಲ. ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ, ಸ್ಟಾರ್ಟ್ ಒತ್ತಿ "ವಿಂಡೋಸ್ ಸೆಕ್ಯುರಿಟಿ" ಅಂತ ಹುಡುಕಿದರೆ ಗುರಾಣಿಯ ಚಿತ್ರ ಇರುವ ಆ್ಯಪ್ ಬರುತ್ತದೆ, ಅದೇ. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ, ವಿಂಡೋಸ್ ಸೆಕ್ಯುರಿಟಿ ಎಂಬ ದಾರಿಯಲ್ಲೂ ಹೋಗಬಹುದು. ವಿಂಡೋಸ್ 11ರಲ್ಲಿ ಅದು ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ ಒಳಗಿದೆ.

ವಿಂಡೋಸನ್ನು ಕನ್ನಡದಲ್ಲೂ ನೋಡಬಹುದು, ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿಕೊಂಡರೆ ಆಯಿತು. ಈ ಕೆಲಸ ಮುಗಿಯುವವರೆಗೆ ನಾನು ಇಂಗ್ಲಿಷಿನಲ್ಲೇ ಇಟ್ಟುಕೊಂಡೆ, ಯಾಕೆಂದರೆ ಮಗಳ ಕಂಪ್ಯೂಟರೂ ಇಂಗ್ಲಿಷಿನಲ್ಲಿದೆ, ಅವಳು ಹೇಳುವ ಹೆಸರು ನನ್ನ ಪರದೆಯ ಮೇಲೂ ಅದೇ ಇರಬೇಕಲ್ಲ.

ತೆರೆದು "ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್" ಒತ್ತಿದರೆ ಅಲ್ಲಿ ಡಿಫೆಂಡರಿನ ಸುಳಿವೇ ಇಲ್ಲ. ಅವಧಿ ಮುಗಿದ ಆಂಟಿವೈರಸ್ಸಿನ ಹೆಸರೇ ಕೂತಿತ್ತು. ಮಗಳು ಕಾರಣ ಹೇಳಿದಳು. ಬೇರೆ ಆಂಟಿವೈರಸ್ ಹಾಕಿದ ಕೂಡಲೇ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ, ಎರಡು ಒಟ್ಟಿಗೆ ಓಡಿದರೆ ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರುತ್ತದೆ. ಆ ಬೇರೆಯದನ್ನು ತೆಗೆದರೆ ಡಿಫೆಂಡರ್ ತಾನಾಗಿಯೇ ಮತ್ತೆ ಎದ್ದು ಬರಬೇಕು. ಹೆಚ್ಚಿನವರ ಮನೆಯಲ್ಲಿ ಕೆಲಸ ಅಲ್ಲಿಗೇ ಮುಗಿಯುತ್ತದೆ. ನಮ್ಮಲ್ಲಿ ಮುಗಿಯಲಿಲ್ಲ.

ತೆಗೆಯುವ ಮೊದಲು ಎರಡು ಕೆಲಸ ಮಾಡಿದೆ, ನೀವೂ ಮಾಡಿ. ಮೊದಲನೆಯದು, ಬೇಕಾದ ಫೈಲುಗಳನ್ನೆಲ್ಲ ಒಂದು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಅದನ್ನು ಬಿಚ್ಚಿ ಬೀರುವಿನಲ್ಲಿಟ್ಟೆ. ಎರಡನೆಯದು ದುಡ್ಡಿನ ವಿಷಯ. ಆಂಟಿವೈರಸ್ ಕೊಳ್ಳುವಾಗ ಕಾರ್ಡೋ ಯುಪಿಐಯೋ ಕೊಟ್ಟು "ತಾನಾಗಿ ನವೀಕರಿಸು" ಎಂಬುದಕ್ಕೆ ಒಪ್ಪಿಗೆ ಬಿದ್ದಿದ್ದರೆ, ತಂತ್ರಾಂಶ ತೆಗೆದ ಮೇಲೂ ಮುಂದಿನ ವರ್ಷದ ದುಡ್ಡು ಕತ್ತರಿಸಿ ಹೋಗಬಹುದು. ಕೊಂಡಾಗಿನ ಬಿಲ್ಲು ಮತ್ತು ಇಮೇಲ್ ಹುಡುಕಿ ತೆಗೆದೆ. ಯುಪಿಐ ಆ್ಯಪಿನಲ್ಲಿ ಆಟೋಪೇ ಅಥವಾ ಮ್ಯಾಂಡೇಟ್ ಅಂತ ಇರುವ ಕಡೆ ಅದು ಜೀವಂತವಾಗೇ ಇತ್ತು. ಅಲ್ಲೇ ರದ್ದು ಮಾಡಿದೆ.

ಆಮೇಲೆ ಸೆಟ್ಟಿಂಗ್ಸ್‌ನ ಆ್ಯಪ್ಸ್ ಒಳಗೆ ಹೋಗಿ ಆ ಆಂಟಿವೈರಸ್ಸನ್ನು ಅನ್‌ಇನ್‌ಸ್ಟಾಲ್ ಮಾಡಿದೆ. ಹೋಗಬೇಡಿ, ಅರ್ಧ ಬೆಲೆಗೆ ಕೊಡುತ್ತೇವೆ, ಯಾಕೆ ಬಿಡುತ್ತಿದ್ದೀರಿ ಅಂತ ಒಂದರ ಮೇಲೊಂದು ಪ್ರಶ್ನೆ. ಕೊನೆಗೆ ರೀಸ್ಟಾರ್ಟ್ ಕೇಳಿತು. ಎದ್ದು ಬಂದ ಮೇಲೂ ವಿಂಡೋಸ್ ಸೆಕ್ಯುರಿಟಿಯಲ್ಲಿ ಅದೇ ಹೆಸರು! ತೆಗೆದರೂ ಪೂರ್ತಿ ಹೋಗದೆ ಚೂರು ಉಳಿದುಕೊಳ್ಳುವುದುಂಟಂತೆ. ಅದಕ್ಕಾಗಿಯೇ ಹೆಚ್ಚಿನ ಆಂಟಿವೈರಸ್ ಕಂಪನಿಗಳು ತಮ್ಮದೇ ಒಂದು ರಿಮೂವಲ್ ಟೂಲ್ ಕೊಡುತ್ತವೆ. ಅದನ್ನು ಆ ಕಂಪನಿಯ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು. ಗೂಗಲ್‌ನಲ್ಲಿ ಹುಡುಕಿದರೆ ಮೇಲ್ಗಡೆ ಜಾಹೀರಾತುಗಳು ಬರುತ್ತವೆ, ಅಲ್ಲಿ ಒತ್ತಿದರೆ ಬೇರೆಯದೇ ಒಂದು "ಕ್ಲೀನರ್" ಇಳಿದುಬಿಡುತ್ತದೆ. ನಾನು ಹಳೇ ಬಿಲ್ಲಿನ ಮೇಲಿದ್ದ ವಿಳಾಸವನ್ನೇ ಟೈಪ್ ಮಾಡಿದೆ.

ಆ ತಾಣ ತೆರೆಯಲೇ ಇಲ್ಲ. ಬ್ಯಾಂಕಿನದೂ ಇಲ್ಲ, ಯಾವುದೂ ಇಲ್ಲ. ನಿಮ್ಮ ಗಡಿಯಾರ ಹಿಂದಿದೆ ಅಂತ ಬ್ರೌಸರ್ ಹೇಳುತ್ತಿತ್ತು. ಕೆಳಗೆ ಮೂಲೆಯಲ್ಲಿ ನೋಡಿದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಸರಿ ಮಾಡಿದೆ, ತಾಣ ತೆರೆಯಿತು. ಅಷ್ಟರಲ್ಲಿ ಗುಡುಗು. ನಮ್ಮ ಕಡೆ ಮಳೆಗಾಲದಲ್ಲಿ ಗುಡುಗು ಕೇಳಿದ ಕೂಡಲೇ ಟಿವಿ, ಫ್ರಿಜ್, ಕಂಪ್ಯೂಟರ್ ಎಲ್ಲದರ ಪ್ಲಗ್ ಕಿತ್ತಿಡುವುದು ರೂಢಿ, ಸಿಡಿಲಿಗೆ ಸುಟ್ಟು ಹೋದ ಮನೆಗಳು ಒಂದೆರಡಲ್ಲ. ಮಾರನೇ ದಿನ ಪ್ಲಗ್ ಹಾಕಿ ಆನ್ ಮಾಡಿದರೆ ತಾರೀಖು ಮತ್ತೆ ಹಿಂದಕ್ಕೆ.

ಕಂಪ್ಯೂಟರಿನೊಳಗಿನ ಮುಖ್ಯ ಹಲಗೆ, ಅಂದರೆ ಮದರ್‌ಬೋರ್ಡಿನ ಮೇಲೆ ನಾಣ್ಯದಷ್ಟಗಲದ ಒಂದು ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಪ್ಲಗ್ ಹಾಕಿದ್ದಷ್ಟು ಹೊತ್ತು ಅದರ ಮೇಲೆ ಭಾರ ಇರುವುದಿಲ್ಲ, ಕಿತ್ತಿಟ್ಟಾಗ ಸವೆಯುತ್ತದೆ. ಮಲೆನಾಡಿನ ಮನೆಗಳ ಡೆಸ್ಕ್‌ಟಾಪುಗಳಲ್ಲಿ ಅದು ಬೇಗ ಮುಗಿಯುವುದರಲ್ಲಿ ಆಶ್ಚರ್ಯವಿಲ್ಲ. ತಾರೀಖು ತಪ್ಪಿದ್ದರೆ ಸುರಕ್ಷಿತ ತಾಣಗಳು ತಮ್ಮ ಗುರುತಿಗೆ ತೋರಿಸುವ ಸರ್ಟಿಫಿಕೇಟು ತಾಳೆಯಾಗುವುದಿಲ್ಲ, ಆಂಟಿವೈರಸ್ ಅಪ್‌ಡೇಟೂ ಇಳಿಯುವುದಿಲ್ಲ. ಆದ್ದರಿಂದ ಈ ಕೆಲಸಕ್ಕೆ ಕೂರುವ ಮೊದಲು ತಾರೀಖು ನೋಡಿಕೊಳ್ಳಿ. ಅದು ಸರಿಯಿಲ್ಲದಿದ್ದರೆ ಉಳಿದ ಯಾವುದೂ ಸರಿಹೋಗುವುದಿಲ್ಲ. ಬ್ಯಾಟರಿ ತರಲು ಚಿಕ್ಕಮಗಳೂರಿಗೆ ಹೋದೆ. ಕೆಂಪು ಬಸ್ಸು ಸಿಕ್ಕಿದ್ದರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡಿಲ್ಲ. ಎಂ.ಜಿ. ರೋಡಿನ ಒಂದು ವಾಚ್ ಅಂಗಡಿಯಲ್ಲೇ ಸಿಕ್ಕಿತು, 40 ರೂಪಾಯಿ. ಸಿಆರ್ 2032 ಅಂತ ಕೇಳಬೇಕು, ಹೆಚ್ಚಿನ ಡೆಸ್ಕ್‌ಟಾಪುಗಳಿಗೆ ಅದೇ ಅಳತೆ. ಮನೆಯವರು ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚಿ, ಬರಹ ಇರುವ ಬದಿ ಮೇಲಕ್ಕೆ ಬರುವಂತೆ ಕೂರಿಸಿದರು. ತಾರೀಖು ನಿಂತಿತು.

ನಡುವೆ ನೆಟ್ ಹೋಯಿತು. ಎಲ್ಲೋ ಮರ ಬಿದ್ದು ತಂತಿ ಹರಿದಿತ್ತು. ಮೊಬೈಲಿನ ಹಾಟ್‌ಸ್ಪಾಟ್ ಹಾಕಿಕೊಂಡು ರಿಮೂವಲ್ ಟೂಲ್ ಇಳಿಸಿ ಓಡಿಸಿದೆ. ಮತ್ತೆ ರೀಸ್ಟಾರ್ಟ್. ಈ ಸಲ ಹಳೇ ಹೆಸರು ಹೋಗಿತ್ತು. ಡಿಫೆಂಡರ್ ಕಾಣಿಸಿಕೊಂಡಿತ್ತು, "ಮ್ಯಾನೇಜ್ ಸೆಟ್ಟಿಂಗ್ಸ್" ಒಳಗೆ "ರಿಯಲ್-ಟೈಮ್ ಪ್ರೊಟೆಕ್ಷನ್", ಅಂದರೆ ಸದಾ ಕಾವಲು ಕಾಯುವ ರಕ್ಷಣೆಯ ಸ್ವಿಚ್ಚೂ ಇತ್ತು. ಆದರೆ ಆಫ್. ಮಂಕಾಗಿ ಬೂದು ಬಣ್ಣಕ್ಕೆ ತಿರುಗಿತ್ತು, ಎಷ್ಟು ಒತ್ತಿದರೂ ಅಲುಗಾಡದು. ಮೇಲೆ ಕೆಂಪಕ್ಷರದಲ್ಲಿ ಈ ಸೆಟ್ಟಿಂಗನ್ನು ನಿಮ್ಮ ಅಡ್ಮಿನಿಸ್ಟ್ರೇಟರ್ ನೋಡಿಕೊಳ್ಳುತ್ತಾರೆ ಎಂಬ ಅರ್ಥದ ಸಾಲು.

ಆ ಸಂಜೆ ನನಗೆ ನಿಜವಾಗಿ ಅಳು ಬಂತು. ನನ್ನ ಮನೆಯ ಕಂಪ್ಯೂಟರಿಗೆ ಯಾರು ಈ ಅಡ್ಮಿನಿಸ್ಟ್ರೇಟರ್? ಯಾರೋ ಹೊರಗಿನವರು ಕೂತು ನೋಡುತ್ತಿದ್ದಾರೇನೋ ಅಂತ ಭಯವಾಯಿತು. ಬ್ಯಾಂಕಿನ ಪಾಸ್‌ವರ್ಡನ್ನು ಆಗಲೇ ಮೊಬೈಲಿನಿಂದ ಬದಲಿಸಿದೆ. ಹಳೇ ಆಂಟಿವೈರಸ್ ಹೋಗಿ, ಹೊಸದು ಆನ್ ಆಗದೆ, ಕಂಪ್ಯೂಟರ್ ಬಾಗಿಲಿಲ್ಲದ ಮನೆಯ ಹಾಗಿತ್ತು. ಹಾಟ್‌ಸ್ಪಾಟ್ ಆಫ್ ಮಾಡಿ ಸುಮ್ಮನಾದೆ.

ಮಗಳು ರಾತ್ರಿ ಊಟ ಮುಗಿಸಿ ಕರೆ ಮಾಡಿ ಸಮಾಧಾನ ಮಾಡಿದಳು. ಈ ಸಾಲು ಬಂದ ಕೂಡಲೇ ಹ್ಯಾಕ್ ಆಗಿದೆ ಅಂತ ಅಲ್ಲ. ಕಚೇರಿಗಳಲ್ಲಿ ಎಲ್ಲ ಕಂಪ್ಯೂಟರಿಗೂ ತಮ್ಮದೇ ಆಂಟಿವೈರಸ್ ಹಾಕಿ, ಡಿಫೆಂಡರನ್ನು ನಿಯಮದ ಮೂಲಕ ಆಫ್ ಮಾಡಿರುವುದುಂಟು. ನಮ್ಮದು ಕಚೇರಿಯಿಂದ ಬಂದ ಯಂತ್ರ, ಆ ನಿಯಮ ಒಳಗೇ ಉಳಿದಿರಬೇಕು. ಕೆಲವು ದುಷ್ಟ ತಂತ್ರಾಂಶಗಳೂ ಇದೇ ಉಪಾಯ ಬಳಸುತ್ತವೆ, ಹಾಗಾಗಿ ಸ್ವಿಚ್ ಬಿಡಿಸಿದ ಮೇಲೆ ಪೂರ್ತಿ ತಪಾಸಣೆ ಮಾಡಲೇಬೇಕು ಅಂತಲೂ ಹೇಳಿದಳು. ನನಗೆ ಅರ್ಧ ಧೈರ್ಯ ಬಂತು.

ಮೊದಲು ಸೆಟ್ಟಿಂಗ್ಸ್, ಅಕೌಂಟ್ಸ್, "ಆಕ್ಸೆಸ್ ವರ್ಕ್ ಆರ್ ಸ್ಕೂಲ್" ನೋಡಿಸಿದಳು. ಕಚೇರಿಯ ಖಾತೆ ಇನ್ನೂ ಅಂಟಿಕೊಂಡಿದ್ದರೆ ಅಲ್ಲಿ ಕಾಣುತ್ತದೆ. ನಮ್ಮದರಲ್ಲಿ ಏನೂ ಇರಲಿಲ್ಲ. ಆಮೇಲೆ ಸ್ಟಾರ್ಟ್‌ನಲ್ಲಿ "ಎಡಿಟ್ ಗ್ರೂಪ್ ಪಾಲಿಸಿ" ಹುಡುಕಿ ತೆರೆದೆ, ಇಂಥ ನಿಯಮಗಳನ್ನು ನೋಡುವ, ಬದಲಿಸುವ ಕಿಟಕಿ ಅದು. ಕಂಪ್ಯೂಟರ್ ಕಾನ್ಫಿಗರೇಷನ್, ಅದರೊಳಗೆ ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಅದರೊಳಗೆ ವಿಂಡೋಸ್ ಕಾಂಪೊನೆಂಟ್ಸ್, ಅದರೊಳಗೆ ಮೈಕ್ರೋಸಾಫ್ಟ್ ಡಿಫೆಂಡರ್ ಆಂಟಿವೈರಸ್, ಅದರೊಳಗೆ ರಿಯಲ್-ಟೈಮ್ ಪ್ರೊಟೆಕ್ಷನ್. ಅಲ್ಲಿ "ಟರ್ನ್ ಆಫ್ ರಿಯಲ್-ಟೈಮ್ ಪ್ರೊಟೆಕ್ಷನ್" ಎಂಬ ಸಾಲಿನ ಎದುರು "ಎನೇಬಲ್ಡ್" ಅಂತಿತ್ತು. ಓದುವಾಗ ಎಚ್ಚರ ಬೇಕು. ಎನೇಬಲ್ಡ್ ಅಂದರೆ ಆಫ್ ಮಾಡುವ ನಿಯಮ ಜಾರಿಯಲ್ಲಿದೆ ಅಂತ, ರಕ್ಷಣೆ ಜಾರಿಯಲ್ಲಿದೆ ಅಂತ ಅಲ್ಲ. ಅದನ್ನು "ನಾಟ್ ಕಾನ್ಫಿಗರ್ಡ್" ಮಾಡಿ ಓಕೆ ಒತ್ತಿದೆ. ಒಂದು ಹೆಜ್ಜೆ ಮೇಲಿನ ಫೋಲ್ಡರಿನಲ್ಲಿ ಡಿಫೆಂಡರನ್ನೇ ಪೂರ್ತಿ ಆಫ್ ಮಾಡುವ ಇನ್ನೊಂದು ನಿಯಮವಿದೆ, ಅದನ್ನೂ ನೋಡಿ ಹಾಗೆಯೇ ಬಿಟ್ಟೆ, ಅದು ಮೊದಲೇ ನಾಟ್ ಕಾನ್ಫಿಗರ್ಡ್ ಆಗಿತ್ತು.

ವಿಂಡೋಸ್ ಹೋಮ್ ಇರುವವರಿಗೆ ಈ ಗ್ರೂಪ್ ಪಾಲಿಸಿ ಕಿಟಕಿ ಇರುವುದಿಲ್ಲ. ಅವರು ವಿಂಡೋಸಿನ ಒಳಗಿನ ಸೆಟ್ಟಿಂಗುಗಳನ್ನು ನೇರವಾಗಿ ತಿದ್ದುವ ರಿಜಿಸ್ಟ್ರಿ ಎಡಿಟರಿಗೆ ಹೋಗಬೇಕು. ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಮೈಕ್ರೋಸಾಫ್ಟ್, ವಿಂಡೋಸ್ ಡಿಫೆಂಡರ್ ಎಂಬ ದಾರಿ. ಅಲ್ಲಿ, ಅಥವಾ ಅದರೊಳಗಿನ ರಿಯಲ್-ಟೈಮ್ ಪ್ರೊಟೆಕ್ಷನ್ ಎಂಬಲ್ಲಿ, ಡಿಸೇಬಲ್ ಎಂದು ಶುರುವಾಗುವ ಹೆಸರಿನ ಮುಂದೆ 1 ಅಂತಿದ್ದರೆ ತಡೆ ಅದೇ. ಅಳಿಸುವ ಮೊದಲು ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಿಂದ ಒಂದು ನಕಲು ಇಟ್ಟುಕೊಳ್ಳಿ. ಪಾಲಿಸೀಸ್ ಎಂಬ ಪದ ಇಲ್ಲದ ದಾರಿಯಲ್ಲಿ ಏನನ್ನೂ ಮುಟ್ಟಬೇಡಿ. ಕಂಪ್ಯೂಟರ್ ಈಗಲೂ ಕಚೇರಿಯದ್ದೇ ಆಗಿದ್ದರೆ ಈ ಯಾವುದನ್ನೂ ಮಾಡದೆ ಅಲ್ಲಿನ ಐಟಿಯವರನ್ನೇ ಕೇಳಿ, ಅವರ ನಿಯಮಕ್ಕೆ ಕಾರಣವಿರುತ್ತದೆ.

ರೀಸ್ಟಾರ್ಟ್ ಮಾಡಿ ವಿಂಡೋಸ್ ಸೆಕ್ಯುರಿಟಿ ತೆರೆದೆ. ಸ್ವಿಚ್ ನೀಲಿಯಾಗಿತ್ತು. "ಆಯ್ತು ಕಣೇ!" ಅಂತ ನಾನು ಕೂಗಿದ್ದು ಕೇಳಿ ಅತ್ತೆ ಅಡುಗೆಮನೆಯಿಂದ ಓಡಿ ಬಂದರು. ಅದರ ಕೆಳಗಿನ ಸ್ವಿಚ್ಚುಗಳನ್ನೂ ಆನ್ ಮಾಡಿದೆ. ಕ್ಲೌಡ್ ಡೆಲಿವರ್ಡ್ ಪ್ರೊಟೆಕ್ಷನ್ ಆನ್ ಇದ್ದರೆ ಹೊಸ ಫೈಲಿನ ಬಗ್ಗೆ ಅನುಮಾನ ಬಂದಾಗ ಮೈಕ್ರೋಸಾಫ್ಟಿನ ಸರ್ವರನ್ನು ಕೇಳಿ ತೀರ್ಮಾನಿಸುತ್ತದೆ. ಟ್ಯಾಂಪರ್ ಪ್ರೊಟೆಕ್ಷನ್ ಇನ್ನೂ ಮುಖ್ಯ. ಬೇರೆ ತಂತ್ರಾಂಶಗಳು ನಮಗೆ ಗೊತ್ತಿಲ್ಲದೆ ಡಿಫೆಂಡರನ್ನು ಆಫ್ ಮಾಡದಂತೆ ಕಾಯುವುದು ಅದೇ.

ಇಷ್ಟಕ್ಕೇ ಎದ್ದು ಹೋಗಬಾರದು ಅಂತ ನಾನು ಒತ್ತಿ ಹೇಳುವುದು ಒಂದು ಜಾಗದ ಸಲುವಾಗಿ. ಅದೇ ಪುಟದ ಕೆಳಭಾಗದಲ್ಲಿ "ಎಕ್ಸ್‌ಕ್ಲೂಷನ್ಸ್" ಅಂತ ಇರುತ್ತದೆ. ಇವನ್ನು ಪರೀಕ್ಷಿಸಬೇಡ ಅಂತ ಡಿಫೆಂಡರಿಗೆ ಹೇಳಿಟ್ಟ ಪಟ್ಟಿ ಅದು. ನಮ್ಮದರಲ್ಲಿ ಡೌನ್‌ಲೋಡ್ಸ್ ಒಳಗಿನ ಒಂದು ಫೋಲ್ಡರ್ ಆ ಪಟ್ಟಿಯಲ್ಲಿತ್ತು. ಆಫೀಸ್ ತಂತ್ರಾಂಶವನ್ನು ಲೈಸೆನ್ಸ್ ಇಲ್ಲದೆ ನಡೆಸಲು ಬಳಸುವ ಆ್ಯಕ್ಟಿವೇಟರ್ ಅದರೊಳಗಿತ್ತು. ಅಂಥವನ್ನು ಹಾಕುವಾಗ ಮೊದಲು ಆಂಟಿವೈರಸ್ ಆಫ್ ಮಾಡಿಸುತ್ತಾರೆ, ಇಲ್ಲವೇ ಫೋಲ್ಡರನ್ನು ಹೀಗೆ ಹೊರಗಿಡುತ್ತಾರೆ. ಕೆಲವರ ಕಂಪ್ಯೂಟರಿನಲ್ಲಿ ಇಡೀ ಸಿ ಡ್ರೈವೇ ಈ ಪಟ್ಟಿಯಲ್ಲಿರುತ್ತದೆ. ಆಗ ಸ್ವಿಚ್ ನೀಲಿಯಾಗಿದ್ದೂ ರಕ್ಷಣೆ ಸೊನ್ನೆ. ನಾನು ಆ ಸಾಲನ್ನು ತೆಗೆದ ಕ್ಷಣಕ್ಕೇ ಡಿಫೆಂಡರ್ ಎಚ್ಚರಿಕೆ ಕೊಟ್ಟು, ಹ್ಯಾಕ್‌ಟೂಲ್ ಅಂತ ಹೆಸರಿಸಿ ಕ್ವಾರಂಟೈನಿಗೆ ಹಾಕಿತು. ಅದು ಹೋದದ್ದರಿಂದ ಆ ಆಫೀಸ್ ನಿಂತುಹೋದರೆ ಲಿಬ್ರೆಆಫೀಸ್ ಹಾಕಿಕೊಳ್ಳೋಣ, ಉಚಿತ, ನನ್ನ ಎಕ್ಸೆಲ್ ಹಾಳೆಗಳೆಲ್ಲ ಅದರಲ್ಲಿ ತೆರೆಯುತ್ತವೆ ಅಂತ ಮಗಳು ಹೇಳಿದಳು. ಹಾಗೇ ಮಾಡಿದೆವು.

ಮುಂದಿನದು ಅಪ್‌ಡೇಟ್. "ಪ್ರೊಟೆಕ್ಷನ್ ಅಪ್‌ಡೇಟ್ಸ್" ಒಳಗೆ "ಚೆಕ್ ಫಾರ್ ಅಪ್‌ಡೇಟ್ಸ್" ಒತ್ತಬೇಕು. ಬಹಳ ಕಾಲ ಆಫ್ ಆಗಿದ್ದರೆ ಮೊದಲ ಸಲ ವೈರಸ್ಸುಗಳ ಪೂರ್ತಿ ಪಟ್ಟಿ ಇಳಿಯಬೇಕು, ಅದು 100 ಎಂಬಿಗಿಂತ ದೊಡ್ಡದು. ನಮ್ಮ ಊರಿನ ಸಿಗ್ನಲ್ಲಿಗೆ ಅದು ದೊಡ್ಡ ಕಾಯುವಿಕೆ. ಹಾಟ್‌ಸ್ಪಾಟನ್ನು ವಿಂಡೋಸಿನಲ್ಲಿ "ಮೀಟರ್ಡ್", ಅಂದರೆ ಡೇಟಾ ಅಳೆದು ಬಳಸಬೇಕಾದ ನೆಟ್ ಅಂತ ಗುರುತಿಸಿದ್ದರೆ ಅಪ್‌ಡೇಟ್ ತಾನಾಗಿ ಇಳಿಯದೆ ಕೂರಬಹುದು, ಆ ಗುರುತು ತೆಗೆಯಿರಿ. ನೆಟ್ಟೇ ಇಲ್ಲದ ಕಡೆಯವರಿಗೆ ಇನ್ನೊಂದು ದಾರಿ ಇದೆ. ಈ ಅಪ್‌ಡೇಟನ್ನು ಮೈಕ್ರೋಸಾಫ್ಟಿನ ತಾಣದಿಂದ ಬೇರೆ ಕಂಪ್ಯೂಟರಿನಲ್ಲಿ ಒಂದು ಫೈಲಾಗಿ ಇಳಿಸಿ, ತಂದು ಓಡಿಸಬಹುದು. ನಾನು ಮೊಬೈಲನ್ನು ಅಟ್ಟದ ಕಿಟಕಿಯ ಬಳಿ ಇಟ್ಟು ಇಳಿಸಿಕೊಂಡೆ. ಒಮ್ಮೆ ಹೊಸದಾದ ಮೇಲೆ ಆಮೇಲಿನ ಅಪ್‌ಡೇಟುಗಳು ಚಿಕ್ಕವು, ದಿನಕ್ಕೆ ಹಲವು ಸಲ ಬರುತ್ತಿರುತ್ತವೆ.

ಕ್ವಿಕ್ ಸ್ಕ್ಯಾನ್ ಬೇಗ ಮುಗಿಯಿತು. ಫುಲ್ ಸ್ಕ್ಯಾನ್ ಮುಗಿಯಲಿಲ್ಲ! ಸಂಜೆ ಹಚ್ಚಿದರೆ ಮಲಗುವ ಹೊತ್ತಿಗೂ ಅರ್ಧ ಆಗಿರಲಿಲ್ಲ, ನಮ್ಮ ಹಾರ್ಡ್‌ಡಿಸ್ಕ್ ಹಳೇ ಕಾಲದ್ದು. ರಾತ್ರಿ ಗಾಳಿ ಮಳೆಗೆ ಕರೆಂಟ್ ಹೋಯಿತು. ಯುಪಿಎಸ್ ಕೆಲವೇ ನಿಮಿಷದ್ದು. ಬೆಳಿಗ್ಗೆ ಮೊದಲಿನಿಂದ ಹಚ್ಚಿದೆ. ಮಳೆಗಾಲದಲ್ಲಿ ಮಾಡುವವರು ಹಗಲಲ್ಲಿ, ಮಳೆ ಬಿಟ್ಟ ಹೊತ್ತು ನೋಡಿ ಹಚ್ಚುವುದು ಮೇಲು. ಸ್ಕ್ಯಾನ್ ಆಗುವಾಗ ಕಂಪ್ಯೂಟರಿನಲ್ಲಿ ಬೇರೆ ಕೆಲಸ ಮಾಡಬಹುದು, ನಿಧಾನವಾಗುತ್ತದೆ ಅಷ್ಟೆ. ಅದಾದ ಮೇಲೆ ಸ್ಕ್ಯಾನ್ ಆಪ್ಷನ್ಸ್‌ನಲ್ಲಿರುವ ಆಫ್‌ಲೈನ್ ಸ್ಕ್ಯಾನ್ ಕೂಡ ಮಾಡಿಸಿದೆ. ವಿಂಡೋಸ್ ಏಳುವ ಮೊದಲೇ ನಡೆಯುವ ತಪಾಸಣೆ ಅದು, ಹಾಗಾಗಿ ಅಡಗಿ ಕೂತ ವೈರಸ್ಸಿಗೆ ತಪ್ಪಿಸಿಕೊಳ್ಳಲು ಕಷ್ಟ. ತೆರೆದಿರುವ ಫೈಲುಗಳನ್ನು ಉಳಿಸಿಕೊಂಡೇ ಒತ್ತಿ, ಕಂಪ್ಯೂಟರ್ ಕೂಡಲೇ ರೀಸ್ಟಾರ್ಟ್ ಆಗುತ್ತದೆ. ಸುಮಾರು 15 ನಿಮಿಷ ಅಂತ ಮೈಕ್ರೋಸಾಫ್ಟ್ ಹೇಳುತ್ತದೆ. ನಮ್ಮದಕ್ಕೆ ಸ್ವಲ್ಪ ಹೆಚ್ಚೇ ಹಿಡಿಯಿತು. ಏನು ಸಿಕ್ಕಿತು ಅನ್ನುವುದು ಆಮೇಲೆ "ಪ್ರೊಟೆಕ್ಷನ್ ಹಿಸ್ಟರಿ"ಯಲ್ಲಿ ಇರುತ್ತದೆ. ನಮ್ಮದರಲ್ಲಿ ಹೊಸದೇನೂ ಸಿಗಲಿಲ್ಲ.

ಆಮೇಲೆ ಪಕ್ಕಕ್ಕಿಟ್ಟಿದ್ದ ಪೆನ್‌ಡ್ರೈವ್ ತೆಗೆದೆ. ಫುಲ್ ಸ್ಕ್ಯಾನ್ ಮಾಡಿದರೂ ಪೆನ್‌ಡ್ರೈವ್ ಅದರಲ್ಲಿ ಸೇರುವುದಿಲ್ಲ, ಇದು ಬಹಳ ಜನರಿಗೆ ತಿಳಿಯದ ವಿಷಯ. ದಿಸ್ ಪಿಸಿಯಲ್ಲಿ ಪೆನ್‌ಡ್ರೈವಿನ ಮೇಲೆ ಬಲಗಡೆಯ ಬಟನ್ ಒತ್ತಿ "ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್" ಆರಿಸಬೇಕು. ಶಾರ್ಟ್‌ಕಟ್ಟುಗಳನ್ನೂ ಅವುಗಳ ಹಿಂದಿದ್ದ ಫೈಲನ್ನೂ ಹಿಡಿದು ತೆಗೆಯಿತು. ಪೆನ್‌ಡ್ರೈವ್ ಖಾಲಿ ಕಾಣಿಸಿತು. ಗಾಬರಿಯಾಗಿ ಫಾರ್ಮ್ಯಾಟ್ ಮಾಡಬೇಡಿ, ನಿಮ್ಮ ಫೈಲು ಒಳಗೇ ಇದೆ. ಫೈಲ್ ಎಕ್ಸ್‌ಪ್ಲೋರರಿನ ವ್ಯೂನಲ್ಲಿ ಹಿಡನ್ ಐಟಮ್ಸ್‌ಗೆ ಟಿಕ್ ಹಾಕಿ, ಆಪ್ಷನ್ಸ್ ಒಳಗೆ "ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್" ಎಂಬುದರ ಟಿಕ್ ತೆಗೆದರೆ ಫೋಲ್ಡರುಗಳು ಮಸುಕಾಗಿ ಕಾಣುತ್ತವೆ. ಅವುಗಳ ಹಿಡನ್ ಗುರುತು ತೆಗೆಯಲು ಹೋದರೆ ಆಗದು, ಸಿಸ್ಟಮ್ ಫೈಲ್ ಅಂತಲೂ ವೈರಸ್ ಗುರುತು ಹಾಕಿರುತ್ತದೆ. ಒಳಗಿನ ಫೈಲುಗಳನ್ನು ಹೊಸ ಫೋಲ್ಡರಿಗೆ ನಕಲು ಮಾಡಿಕೊಂಡರೆ ಮುಗಿಯಿತು. ಟಿಕ್ ಮತ್ತೆ ಮೊದಲಿನಂತೆ ಹಾಕಿಬಿಡಿ. ಪಹಣಿ, ಸಾಲದ ಕಾಗದ, ಎಲ್ಲ ಒಂದೂ ಬಿಡದೆ ಸಿಕ್ಕಿದಾಗ ನನಗಾದ ನೆಮ್ಮದಿ ಹೇಳತೀರದು. ಈಗ ಪೇಟೆಗೆ ಪ್ರಿಂಟಿಗೆ ಹೋಗುವಾಗ ಬೇಕಾದ ಫೈಲಷ್ಟನ್ನೇ ಬೇರೆ ಪೆನ್‌ಡ್ರೈವಿನಲ್ಲಿ ಒಯ್ಯುತ್ತೇನೆ.

ಡಿಫೆಂಡರ್ ನಿಜವಾಗಿ ಎಚ್ಚರವಿದೆಯೇ ಎಂದು ನೋಡಲು ಮಗಳು ಒಂದು ಪರೀಕ್ಷೆ ಮಾಡಿಸಿದಳು. ಐಕಾರ್ ಎಂಬ ಸಂಸ್ಥೆ ಇದಕ್ಕಾಗಿಯೇ ಮಾಡಿರುವ 68 ಬೈಟಿನ ಒಂದು ಪರೀಕ್ಷಾ ಫೈಲ್ ಇದೆ. ಅದು ವೈರಸ್ಸೇ ಅಲ್ಲ, ಆದರೆ ಎಲ್ಲ ಆಂಟಿವೈರಸ್ಸುಗಳೂ ಅದನ್ನು ವೈರಸ್ ಎಂದೇ ಹಿಡಿಯಬೇಕು ಅಂತ ಒಪ್ಪಂದ. ಐಕಾರಿನ ತಾಣದಿಂದ ಅದನ್ನು ಇಳಿಸಲು ಹೋದದ್ದೇ ತಡ, ಎಚ್ಚರಿಕೆ ಬಂದು ಫೈಲು ಮಾಯ. ದುಡ್ಡು ಖರ್ಚಿಲ್ಲದೆ, ಅಪಾಯವಿಲ್ಲದೆ ಮಾಡಬಹುದಾದ ಪರೀಕ್ಷೆ, ಇದನ್ನು ಬಿಡಬೇಡಿ.

ಕಡೆಗೆ "ರಾನ್ಸಮ್‌ವೇರ್ ಪ್ರೊಟೆಕ್ಷನ್" ಒಳಗಿನ "ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್". ಇದು ತಾನಾಗಿ ಆನ್ ಆಗಿರುವುದಿಲ್ಲ. ಆನ್ ಮಾಡಿದರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಫೋಲ್ಡರುಗಳಲ್ಲಿ ಪರಿಚಯವಿಲ್ಲದ ತಂತ್ರಾಂಶ ಏನನ್ನೂ ಬದಲಿಸಲು ಬಿಡುವುದಿಲ್ಲ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ಸುಗಳಿಗೆ ಇದು ಒಳ್ಳೆಯ ತಡೆ. ನನ್ನ ಲೆಕ್ಕವೆಲ್ಲ ಡಾಕ್ಯುಮೆಂಟ್ಸ್ ಒಳಗಿರುವುದರಿಂದ ಆನ್ ಮಾಡಿದೆ. ಮರುದಿನ ಸ್ವಸಹಾಯ ಸಂಘದ ನಡಾವಳಿ ಟೈಪ್ ಮಾಡಿ ಉಳಿಸಲು ಹೋದರೆ ಉಳಿಯಲಿಲ್ಲ. ಕನ್ನಡ ಟೈಪಿಂಗಿಗೆ ನಾನು ಬಳಸುವ ಹಳೇ ತಂತ್ರಾಂಶವನ್ನೂ ಅದು ಅಪರಿಚಿತ ಅಂತ ತಡೆದಿತ್ತು. "ಅಲೋ ಆ್ಯನ್ ಆ್ಯಪ್" ಒತ್ತಿ, ಇತ್ತೀಚೆಗೆ ತಡೆದವುಗಳ ಪಟ್ಟಿಯಿಂದ ಅದನ್ನು ಆರಿಸಿ ಒಪ್ಪಿಗೆ ಕೊಟ್ಟೆ. ಹಳೇ ಕನ್ನಡ ತಂತ್ರಾಂಶ, ಹಳೇ ಲೆಕ್ಕದ ತಂತ್ರಾಂಶ ಇರುವವರು ಇದನ್ನು ನೆನಪಿಡಿ.

ಈ ಹುಡುಕಾಟದ ನಡುವೆ ಒಮ್ಮೆ ಪರದೆ ತುಂಬ ಕೆಂಪಾಗಿ, ನಿಮ್ಮ ಕಂಪ್ಯೂಟರಿಗೆ ವೈರಸ್ ಬಡಿದಿದೆ, ಮೈಕ್ರೋಸಾಫ್ಟಿಗೆ ಈ ನಂಬರಿಗೆ ಫೋನ್ ಮಾಡಿ ಅಂತ ಬಂತು, ಜೊತೆಗೆ ಕಿವಿಗಡಚಿಕ್ಕುವ ಶಬ್ದ. ಅದು ಬರೀ ಒಂದು ಜಾಲಪುಟ. ಡಿಫೆಂಡರ್ ಯಾವತ್ತೂ ಫೋನ್ ನಂಬರ್ ಕೊಡುವುದಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಚ್ಚಿದೆ. ಆ ನಂಬರಿಗೆ ಕರೆ ಮಾಡಿದವರಿಗೆ ದೂರದಿಂದ ಕಂಪ್ಯೂಟರ್ ನಡೆಸುವ ಆ್ಯಪ್ ಹಾಕಿಸಿ ಬ್ಯಾಂಕ್ ಖಾತೆ ಬರಿದು ಮಾಡುತ್ತಾರೆ. ನಿಮ್ಮ ಮನೆಯ ಹಿರಿಯರಿಗೆ ಇದನ್ನು ಮೊದಲೇ ಹೇಳಿಡಿ. ದುಡ್ಡು ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು, ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಡಿಫೆಂಡರ್ ಅಲ್ಲದೆ ಇನ್ನೊಂದು ಸಲ ಪರೀಕ್ಷಿಸಬೇಕು ಅನ್ನಿಸಿದರೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಉಚಿತ ಟೂಲುಗಳನ್ನು ಕೊಡುತ್ತಿದೆ.

ನಮಗಾದ ಖರ್ಚು ಬ್ಯಾಟರಿಯ 40 ರೂಪಾಯಿ, ಬಸ್‌ಸ್ಟ್ಯಾಂಡಿನಿಂದ ಮಳೆಯಲ್ಲಿ ಹಿಡಿದ ಆಟೋ, ಮೊಬೈಲಿಗೆ ಹಾಕಿಸಿದ ಹೆಚ್ಚುವರಿ ಡೇಟಾ ಪ್ಯಾಕ್, ಅಷ್ಟೆ. 1,500ರ ಹತ್ತಿರಕ್ಕೂ ಹೋಗಲಿಲ್ಲ, ಲೆಕ್ಕದ ಒಂದು ಹಾಳೆಯೂ ಕಳೆಯಲಿಲ್ಲ.

ಉಳಿದಿರುವುದು ವಿಂಡೋಸ್ 10ರ ವಿಷಯ. ಅದಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಡಿಫೆಂಡರಿನ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೆ ಬರುತ್ತದೆ ಅಂತ ಹೇಳಿದ್ದಾರೆ, ಆದರೆ ವಿಂಡೋಸಿನದೇ ಬಿರುಕುಗಳಿಗೆ ತೇಪೆ ಅದರಿಂದ ಬರುವುದಿಲ್ಲ. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಇದೆ. ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಅದಕ್ಕೆ ದುಡ್ಡು ಕೊಡಬೇಕಿಲ್ಲ, ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳುವ ಕೊಂಡಿ ಇರುತ್ತದೆ. ನಾವು ಸೇರಿಕೊಂಡಿದ್ದೇವೆ. ನಮ್ಮ ಡೆಸ್ಕ್‌ಟಾಪ್ ವಿಂಡೋಸ್ 11ಕ್ಕೆ ತಾಳುವುದೇ ಎಂದು ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಹಾಕಿ ನೋಡುವುದು ಮಗಳು ದಸರಾ ರಜೆಗೆ ಬಂದಾಗಿನ ಕೆಲಸ.